ಕಂಬಳಿಯ ನಾಡಿನಲ್ಲಿ ಕಾಲುಚೀಲ



ದೀಪಾವಳಿ ಮುಗಿದು ಆಗಮನಕಾಲ ಸಮೀಪಿಸುವ ಹೊತ್ತಿಗೆ ಮೈಸೂರಿನ ಉದಯಗಿರಿಯ ಬೀದಿಗಳಿಗೆ ಮುಂಜಾನೆಯ ಚಳಿ ಇಳಿಯುತ್ತದೆ. ಹೇಳಿಕೊಳ್ಳುವಂಥ ಚಳಿಯೇನಲ್ಲ, ಜನವರಿಯಲ್ಲೂ ಇಲ್ಲಿನ ಸರಾಸರಿ ಕನಿಷ್ಠ ಉಷ್ಣಾಂಶ 16 ಡಿಗ್ರಿಯ ಆಸುಪಾಸು. ಆದರೂ ಈ ದಿನಗಳಲ್ಲಿ ಕೆಲವು ಮನೆಗಳ ಅಜ್ಜಿಯಂದಿರು ಪೆಟ್ಟಿಗೆಯ ತಳದಿಂದ ಕಡ್ಡಿಗಳನ್ನು ಹೊರತೆಗೆದು ಮೊಮ್ಮಗುವಿಗೆ ಕಾಲುಚೀಲವನ್ನೋ ಪುಟ್ಟ ಹೊದಿಕೆಯನ್ನೋ ಹೆಣೆಯತೊಡಗುತ್ತಾರೆ. ಉಣ್ಣೆಯ ಅಗತ್ಯ ಅಷ್ಟಾಗಿ ಇಲ್ಲದ ಊರಿಗೆ ಈ ಸಂತೋಷ ಬಂದದ್ದಾದರೂ ಎಲ್ಲಿಂದ?

ಉಣ್ಣೆ ನಮಗೆ ಹೊಸದಲ್ಲ. ಟಿಪ್ಪುವಿನ ಪತನದ ನಂತರ, 1800-01ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕುರುಬರ ಕುರಿಗಳನ್ನೂ ಕಂಬಳಿಗಳನ್ನೂ ಕುರಿತು ಬರೆದಿದ್ದಾನೆ. ಹೆಂಗಸರು ನೂಲುತ್ತಿದ್ದರು, ಗಂಡಸರು ನೇಯುತ್ತಿದ್ದರು. ಹುಣಸೆ ಬೀಜದ ಸರಿ ಹಚ್ಚಿ ನೂಲನ್ನು ಗಟ್ಟಿ ಮಾಡುತ್ತಿದ್ದರು. ಆಷಾಢದ ಮಳೆಯಲ್ಲಿ ರೈತನ ತಲೆಯ ಮೇಲೆ ಕೊಪ್ಪೆಯಾಗಿ, ರಾತ್ರಿ ಹಾಸಿಗೆಯಾಗಿ, ನ್ಯಾಯಪಂಚಾಯಿತಿಯಲ್ಲಿ ಗದ್ದುಗೆಯಾಗಿ ಬಾಳಿದ ವಸ್ತು ಅದು. ಆದರೆ ಕಂಬಳಿ ನೇಯ್ಗೆಯೇ ಹೊರತು ಹೆಣಿಗೆಯಲ್ಲ. ನೇಯ್ಗೆಯಲ್ಲಿ ಹಾಸು ಹೊಕ್ಕು ಎಂಬ ಎರಡು ಎಳೆಗಳು ಒಂದನ್ನೊಂದು ದಾಟುತ್ತವೆ. ಹೆಣಿಗೆಯಲ್ಲಿ ಒಂದೇ ದಾರ ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಆದ್ದರಿಂದಲೇ ಅದು ಹಿಗ್ಗುತ್ತದೆ, ಹಿಮ್ಮಡಿಯ ತಿರುವಿಗೂ ಹೊಂದಿಕೊಳ್ಳುತ್ತದೆ.

ಈ ಕುಣಿಕೆಯ ಜಾಡು ಹಿಡಿದರೆ ಈಜಿಪ್ಟಿಗೆ ಹೋಗಬೇಕಾಗುತ್ತದೆ. ಅಲ್ಲಿ ದೊರೆತ, ಮೂರರಿಂದ ಐದನೆಯ ಶತಮಾನದ ಕೆಂಪು ಉಣ್ಣೆಯ ಕಾಲುಚೀಲಗಳು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಚಪ್ಪಲಿಯ ಬಾರು ಸೇರಲೆಂದು ಅವುಗಳ ಹೆಬ್ಬೆರಳನ್ನು ಪ್ರತ್ಯೇಕವಾಗಿ ಮಾಡಲಾಗಿದೆ. ಅವು ಒಂದೇ ಸೂಜಿಯ ಕೆಲಸ. ಕಡ್ಡಿಗಳಿಂದ ಮಾಡಿದ ನಿಜವಾದ ಹೆಣಿಗೆಯ ಅತಿ ಹಳೆಯ ಮಾದರಿಗಳೂ ಅದೇ ನಾಡಿನವು. ಮುಸ್ಲಿಂ ಅರಸರ ಕಾಲದ, ನೀಲಿ ಬಿಳಿ ಹತ್ತಿದಾರದ ಕಾಲುಚೀಲಗಳು. ಮಸೀದಿಯ ಬಾಂಗು, ಇಗರ್ಜಿಯ ಗಂಟೆಗಳನ್ನು ಕೇಳುತ್ತಾ ಬದುಕುವ ನಮಗೆ ಇದು ಅರಿತಿರಬೇಕಾದ ಸಂಗತಿ.

ಅಲ್ಲಿಂದ ಈ ಕಲೆ ಯುರೋಪಿಗೆ ಹಬ್ಬಿತು. ಜರ್ಮನಿಯ ಬುಕ್ಸ್ಟೆಹೂಡೆಯ ಪೀಠಕ್ಕಾಗಿ ಸುಮಾರು 1400ರಲ್ಲಿ ಮಾಸ್ಟರ್ ಬರ್ಟ್ರಾಮ್ ಪರಂಪರೆಯ ಕಲಾವಿದರು ರಚಿಸಿದ ಚಿತ್ರವೊಂದಿದೆ. ಮಾತೆ ಮರಿಯಮ್ಮ ನಾಲ್ಕು ಕಡ್ಡಿಗಳಲ್ಲಿ ಹೊಲಿಗೆಯಿಲ್ಲದ ಅಂಗಿ ಹೆಣೆಯುತ್ತಿದ್ದಾರೆ. ಬಾಲಯೇಸು ಪುಸ್ತಕ ತೆರೆದು ಒರಗಿದ್ದಾರೆ. ಇಬ್ಬರು ದೂತರು ಶಿಲುಬೆ, ಈಟಿ, ಮುಳ್ಳಿನ ಕಿರೀಟಗಳನ್ನು ಹಿಡಿದು ನಿಂತಿದ್ದಾರೆ. ಸಂತ ಯೊವಾನ್ನರ ಶುಭಸಂದೇಶ ಹೇಳುವುದು ನೇಯ್ದ ಅಂಗಿಯ ಮಾತನ್ನು. ಚಿತ್ರಕಾರನಾದರೋ ತನ್ನ ಊರಿನ ಮನೆಗಳಲ್ಲಿ ಕಂಡದ್ದನ್ನೇ ನಜರೇತಿನ ಮನೆಗೆ ಕೊಂಡೊಯ್ದಿರಬೇಕು. ತಾಯಿ ಹೆಣೆಯುತ್ತಿರುವ ಅಂಗಿಗೆ ಮುಂದೆ ಚೀಟಿ ಹಾಕಲಾಗುವುದೆಂದು ನೋಡುವ ನಮಗೆ ಗೊತ್ತಿದೆ.

ಆದರೆ ಹೆಣಿಗೆಯ ಇತಿಹಾಸವೆಲ್ಲ ಇಂಥ ಶಾಂತ ಕೋಣೆಯಲ್ಲಿ ನಡೆದದ್ದಲ್ಲ. ಹದಿನಾರನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಲಿಂಕನ್, ಯಾರ್ಕ್ ಮೊದಲಾದ ಪಟ್ಟಣಗಳಲ್ಲಿ ಬಡಮಕ್ಕಳಿಗೆ ಹೊಟ್ಟೆಪಾಡಿಗೆಂದೇ ಹೆಣಿಗೆ ಕಲಿಸುತ್ತಿದ್ದರು. 1589ರಲ್ಲಿ ವಿಲಿಯಂ ಲೀ ಎಂಬಾತ ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದಾಗ, ಬಡವರ ಕೈಕೆಲಸ ಹೋಗುವುದೆಂದು ರಾಣಿ ಎಲಿಜಬೆತ್ ಹಕ್ಕುಪತ್ರ ನಿರಾಕರಿಸಿದಳೆಂದು ಹೇಳುತ್ತಾರೆ.

ಭಾರತಕ್ಕೆ ಕಡ್ಡಿ ಹೆಣಿಗೆ ವ್ಯಾಪಕವಾಗಿ ಬಂದದ್ದು ಯುರೋಪಿಯನ್ನರೊಡನೆ. ಹತ್ತೊಂಬತ್ತನೆಯ ಶತಮಾನದ ಮಿಷನ್ ಶಾಲೆಗಳಲ್ಲಿ, ಅನಾಥಾಲಯಗಳಲ್ಲಿ ಹೆಣ್ಣುಮಕ್ಕಳು ಓದು ಬರಹದ ಜೊತೆಗೆ ಹೊಲಿಗೆ, ಕಸೂತಿ, ಹೆಣಿಗೆಗಳನ್ನೂ ಕಲಿತರು. ಅದು ಹವ್ಯಾಸವಾಗಿರಲಿಲ್ಲ; ಆಸರೆಯಿಲ್ಲದ ಹುಡುಗಿಗೆ ನಾಲ್ಕು ಕಾಸು ದೊರೆಯಲಿ, ಮನೆವಾರ್ತೆ ತಿಳಿಯಲಿ ಎಂಬ ಶಿಸ್ತಿನ ಶಿಕ್ಷಣವಾಗಿತ್ತು. ಕಲಿಸಿದ ಧರ್ಮಭಗಿನಿಯರ ತ್ಯಾಗವನ್ನು ನಾವು ಸ್ಮರಿಸುತ್ತೇವೆ, ಸರಿಯೇ. ಕಲಿತ ಮಕ್ಕಳ ಬೆರಳು ನೊಂದದ್ದನ್ನೂ ಸ್ಮರಿಸಬೇಕೆಂದು ನನ್ನ ಅಭಿಪ್ರಾಯ. ಉದಯಗಿರಿಯ ಸುತ್ತಮುತ್ತ ಮನೆಬಾಗಿಲಲ್ಲಿ ಕುಳಿತು ಲೆಕ್ಕದ ಮೇಲೆ ಬೀಡಿ ಕಟ್ಟಿದ, ಊದುಬತ್ತಿ ಹೊಸೆದ ತಾಯಂದಿರನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಮುಂದೆ ಯಂತ್ರ ನಮ್ಮಲ್ಲಿಗೂ ಬಂತು. 1884ರಲ್ಲಿ ಬೆಂಗಳೂರಿನಲ್ಲಿ ಉಣ್ಣೆಯ ಗಿರಣಿ ಸ್ಥಾಪನೆಯಾಯಿತು. 1960ರ ಆಸುಪಾಸಿನಲ್ಲಿ ಬೈಲಕುಪ್ಪೆಯಲ್ಲಿ ನೆಲೆಸಲಾರಂಭಿಸಿದ ಟಿಬೆಟಿಯನ್ ನಿರಾಶ್ರಿತರಲ್ಲಿ ಅನೇಕರಿಗೆ ಚಳಿಗಾಲದ ಸ್ವೆಟರ್ ವ್ಯಾಪಾರವೇ ಜೀವನಾಧಾರವಾಯಿತು. ಸಿದ್ಧ ಉಡುಪು ಅಗ್ಗವಾದ ಮೇಲೆಯೇ ಮನೆಯ ಹೆಣಿಗೆ ಸಂಪಾದನೆಯ ಹಂಗು ಕಳಚಿಕೊಂಡು ಸಂತೋಷವಾಯಿತು. ವಿಚಿತ್ರವೆಂದರೆ ಅಂಗಡಿಯಲ್ಲಿ ನಾವು ‘ಉಲ್ಲನ್’ ಎಂದು ಕೊಳ್ಳುವುದು ಬಹುಪಾಲು ಅಕ್ರಿಲಿಕ್ ದಾರ. ಇತ್ತ ನಮ್ಮ ದಖ್ಖನಿ ಕುರಿಯ ಒರಟು ಉಣ್ಣೆಗೆ ಗಿರಾಕಿಯಿಲ್ಲದೆ ಕುರಿಗಾಹಿಗಳು ಅದನ್ನು ಎಸೆಯುವುದೂ ಉಂಟು.

ನಮ್ಮ ಧರ್ಮಕೇಂದ್ರಗಳ ದಾಖಲೆ ಪುಸ್ತಕಗಳಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳಿವೆ. ಯಾರು ಯಾರಿಗೆ ಹಿಮ್ಮಡಿ ತಿರುವುವುದನ್ನು ಕಲಿಸಿದರೆಂಬುದು ಯಾವ ಪುಟದಲ್ಲೂ ಇಲ್ಲ. ನಿಮ್ಮ ಮನೆಯಲ್ಲಿ ಹೆಣೆಯುವ ಹಿರಿಯರಿದ್ದರೆ, ಈ ಕ್ರಿಸ್ತಜಯಂತಿಗೆ ಅವರ ಪಕ್ಕದಲ್ಲಿ ಕುಳಿತು, ಕಲಿಸಿದವರ ಹೆಸರನ್ನೂ ಕಲಿತ ವರ್ಷವನ್ನೂ ಕೇಳಿ ಬರೆದಿಡಿ.