ಸಾಲುಮನೆ ಹೊರಮೈ ದುರಸ್ತಿ ಅನುದಾನ
ಒತ್ತೊತ್ತಾಗಿ ನಡುಗೋಡೆ ಹಂಚಿಕೊಂಡ ಹಳೆಯ ಮನೆಸಾಲುಗಳ ಹೊರಭಾಗ ಸರಿಪಡಿಸಲು ಇಂಗ್ಲೆಂಡಿನ ಸ್ಥಳೀಯಾಡಳಿತಗಳು ನೀಡುತ್ತಿದ್ದ ಧನಸಹಾಯ. 1919ಕ್ಕೆ ಮೊದಲು ಕಟ್ಟಿದ ಕಾರ್ಮಿಕರ ಇಟ್ಟಿಗೆಮನೆಗಳಿಗೆ ಇದು ಹೆಚ್ಚಾಗಿ ಸಂದಿದೆ. ಹಳೆಯ ಬಡಾವಣೆಗಳನ್ನು ಕೆಡಹುವ ಬದಲು ಉಳಿಸಿಕೊಳ್ಳುವ ನೀತಿ 1969 ಮತ್ತು 1974ರ ವಸತಿ ಕಾಯಿದೆಗಳಿಂದ ಬಲಗೊಂಡಿತು. 1970ರ ದಶಕದ ಕೊನೆಯ ಹೊತ್ತಿಗೆ ಬರ್ಮಿಂಗ್‌ಹ್ಯಾಮ್ ನಗರಾಡಳಿತ ‘ಎನ್ವೆಲಪಿಂಗ್’ ಯೋಜನೆಯಡಿ ಇಡೀ ಸಾಲನ್ನೇ ಒಟ್ಟಿಗೆ ಕೈಗೆತ್ತಿಕೊಂಡಿತು: ಚಾವಣಿ, ಚಿಮಣಿ, ಮಳೆನೀರಿನ ದೋಣಿ, ಕಿಟಕಿ, ಬಾಗಿಲು, ಇಟ್ಟಿಗೆ ಸಂದಿನ ಗಾರೆ ಎಲ್ಲವೂ ಸಾರ್ವಜನಿಕ ವೆಚ್ಚದಲ್ಲಿ ದುರಸ್ತಿಯಾದವು. ಸಾಲಿನಲ್ಲಿ ಒಂದು ಚಾವಣಿ ಸೋರಿದರೆ ನೆರೆಮನೆಯ ಗೋಡೆಗೂ ತೇವ ಇಳಿಯುತ್ತದೆ; ಬಿಡಿ ಅನುದಾನಕ್ಕಿಂತ ಈ ಕ್ರಮ ಸಮರ್ಪಕವೆನಿಸಲು ಅದೂ ಒಂದು ಕಾರಣ. 1989ರ ಕಾಯಿದೆ ಎನ್ವೆಲಪಿಂಗ್ ಬದಲಿಗೆ, ಮಾಲೀಕರೂ ಆದಾಯಕ್ಕೆ ತಕ್ಕಂತೆ ಪಾಲು ಕೊಡಬೇಕಾದ ಸಾಮೂಹಿಕ ದುರಸ್ತಿಯನ್ನು ತಂದಿತು. 1996ರ ಕಾಯಿದೆಯಿಂದ ನವೀಕರಣ ಅನುದಾನ ಹಕ್ಕಾಗಿ ಉಳಿಯದೆ ಸ್ಥಳೀಯಾಡಳಿತದ ವಿವೇಚನೆಗೆ ಸೇರಿತು.