ನೀರು ತಂದವರು, ನೀರಿಗೆ ಹೋದವರು

ಐದನೇ ಇಯತ್ತೆಯಲ್ಲಿ ಇಂಗ್ಲಿಷ್ ಶುರುವಾದಾಗ ‘ಬ್ರಿಂಗ್’ ಎಂದರೂ ತರು, ‘ಫೆಚ್’ ಎಂದರೂ ತರು ಎಂದೇ ನಾವು ಬಾಯಿಪಾಠ ಮಾಡಿದೆವು. ಉರ್ದುವಿನ ವಹಿಯಲ್ಲೂ ಎರಡಕ್ಕೂ ‘ಲಾನಾ’ ಎಂದೇ ಬರೆದೆವು. ವ್ಯತ್ಯಾಸ ತಿಳಿದದ್ದು ಬಹಳ ತಡವಾಗಿ. ಬ್ರಿಂಗ್ ಎಂದರೆ ಬರುವಾಗ ಜೊತೆಗೆ ತರುವುದು. ಫೆಚ್ ಎಂದರೆ ಇಲ್ಲಿಂದ ಹೋಗಿ, ಎತ್ತಿಕೊಂಡು, ಮರಳಿ ಬರುವುದು. ಮೊದಲನೆಯದರಲ್ಲಿ ಒಂದು ದಾರಿ, ಎರಡನೆಯದರಲ್ಲಿ ಎರಡು.

ವಿಜಯಪುರದ ಚರಿತ್ರೆಯನ್ನು ಓದುವಾಗ ಈ ವ್ಯತ್ಯಾಸ ನಮಗೆ ಮತ್ತೆ ಮತ್ತೆ ನೆನಪಾಗುತ್ತದೆ. ಮೊದಲನೇ ಅಲಿ ಆದಿಲ್‌ಶಾಹನ ಕಾಲದಲ್ಲಿ (1558–80) ಪಶ್ಚಿಮದ ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ನಗರಕ್ಕೆ ನೀರು ಬಂತು. ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1651ರಲ್ಲಿ, ಬೇಗಂ ತಲಾಬ್ ಆಯಿತು. ಸುಟ್ಟ ಮಣ್ಣಿನ ಕೊಳವೆಗಳು, ನಡುನಡುವೆ ನೀರಿನ ಒತ್ತಡ ತಗ್ಗಿಸಲು ‘ಗಂಜ್’ ಎಂಬ ಗೋಪುರಗಳು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೇ ಬಲ. ಇದು ಬ್ರಿಂಗ್. ತಂದ ದೊರೆಗಳ ಹೆಸರುಗಳು ಪುಸ್ತಕಗಳಲ್ಲಿವೆ.

ಆದರೆ ಹೌದಿನವರೆಗೆ ಬಂದ ನೀರು ಮನೆಯ ಹರವಿಯವರೆಗೆ ತಾನಾಗಿ ಬರಲಿಲ್ಲ. ಎರಡನೇ ಇಬ್ರಾಹಿಮನ ಕಾಲದ ತಾಜ್ ಬಾವಡಿಯ ಮೆಟ್ಟಿಲು ಇಳಿದು ಕೊಡ ತುಂಬಿದವರು, ಬೆನ್ನ ಮೇಲೆ ಚರ್ಮದ ಮಶಕ ಹೊತ್ತ ಭಿಸ್ತಿಗಳು ಫೆಚ್ ಮಾಡಿದವರು. ಅವರ ಹೆಸರು ಎಲ್ಲಿಯೂ ಇಲ್ಲ.

ತಿಕೋಟಾ, ಬಬಲೇಶ್ವರದ ಕಡೆಯ ಹೆಣ್ಣುಮಕ್ಕಳು ‘ನೀರು ತರತೀನಿ’ ಎನ್ನುವುದಕ್ಕಿಂತ ‘ನೀರಿಗೆ ಹೋಗಿ ಬರತೀನಿ’ ಎನ್ನುವುದೇ ಹೆಚ್ಚು. ಹೋಗುವ ದಾರಿ, ಬರುವ ದಾರಿ ಎರಡೂ ಆ ಮಾತಿನಲ್ಲಿವೆ. ಇಂಗ್ಲಿಷರ ಫೆಚ್ ನಮ್ಮ ಮಾತಿನಲ್ಲಿ ಮೊದಲೇ ಇತ್ತು, ನಾವೇ ಗಮನಿಸಿರಲಿಲ್ಲ.

ಬರಗಾಲದಲ್ಲಿ ಇಲ್ಲಿನ ರೈತರು ಟ್ಯಾಂಕರ್ ನೀರು ಕೊಂಡು ದ್ರಾಕ್ಷಿ ಬಳ್ಳಿ ಉಳಿಸಿಕೊಂಡವರು. ಈಗ ತುಬಚಿ–ಬಬಲೇಶ್ವರ ಏತ ನೀರಾವರಿ ಕೃಷ್ಣೆಯನ್ನು ಈ ಎತ್ತರಕ್ಕೆ ಹತ್ತಿಸಿದೆ. ಅದು ಸಂತೋಷವೇ. ತಂದವರು ಯಾರು ಎಂಬ ಚರ್ಚೆ ಪ್ರತಿ ಚುನಾವಣೆಯಲ್ಲೂ ನಡೆಯಲಿ. ಅದರ ಜೊತೆಗೆ ಇನ್ನೊಂದು ಲೆಕ್ಕವೂ ಆಗಲಿ: ಎಷ್ಟು ಹೆಣ್ಣುಮಕ್ಕಳು ನೀರಿಗೆ ಹೋಗುವುದು ತಪ್ಪಿತು?

ನಮ್ಮ ಅಮ್ಮಿ ತುಂಬಿದ ಕೊಡ ಹೊತ್ತು ಬಂದದ್ದನ್ನು ನಾವು ನೋಡಿದ್ದೇವೆ. ಖಾಲಿ ಕೊಡ ಹಿಡಿದು ಹೋದ ದಾರಿಯನ್ನು ನಾವೂ ಎಣಿಸಲಿಲ್ಲ.