ಐದು ವರ್ಷಕ್ಕೆಂದು ಬಂದ ನಾಲ್ಕು ಸ್ಥಾನಗಳು

ನ್ಯೂಜಿಲೆಂಡ್ ಎಂದೊಡನೆ ನಿಮಗೆ ಉಣ್ಣೆಯೋ, ಬೆಣ್ಣೆಯೋ, ಕ್ರಿಕೆಟ್ ಆಟವೋ ನೆನಪಿಗೆ ಬರಬಹುದು. ಆದರೆ ಆ ದ್ವೀಪರಾಷ್ಟ್ರದ ಪಾರ್ಲಿಮೆಂಟಿನಲ್ಲಿ ಒಂದೂವರೆ ಶತಮಾನ ಕಳೆದರೂ ಇತ್ಯರ್ಥವಾಗದ ಪ್ರಶ್ನೆಯೊಂದಿದೆ. ಅದು ಆ ನೆಲದ ಮೂಲನಿವಾಸಿಗಳಾದ ಮಾವೋರಿ ಜನರ ಮೀಸಲು ಸ್ಥಾನಗಳ ಪ್ರಶ್ನೆ. ಮೀಸಲಾತಿಯ ಚರ್ಚೆಯನ್ನು ದಿನವೂ ಕೇಳುವ ನಮಗೆ ಈ ಕಥೆ ತೀರ ಅಪರಿಚಿತವೆನಿಸಲಾರದು.

1840ರಲ್ಲಿ ಬ್ರಿಟಿಷರಿಗೂ ಮಾವೋರಿ ನಾಯಕರಿಗೂ ವೈಟಾಂಗಿ ಎಂಬಲ್ಲಿ ಒಪ್ಪಂದವಾಯಿತು. ಬ್ರಿಟಿಷ್ ಪ್ರಜೆಗಳಿಗಿರುವ ಹಕ್ಕುಗಳು ಮಾವೋರಿಗಳಿಗೂ ಉಂಟೆಂದು ಅದು ಸಾರಿತು. 1852ರ ರಾಜ್ಯಾಂಗವು ಆಸ್ತಿಯುಳ್ಳ ಗಂಡಸರಿಗೆ ಮತದ ಹಕ್ಕನ್ನು ಕೊಟ್ಟಿತು. ಮಾವೋರಿಗಳ ಭೂಮಿಯಾದರೋ ಕುಲಕ್ಕೆಲ್ಲ ಸೇರಿದ ಸೊತ್ತು. ಒಬ್ಬೊಬ್ಬನ ಹೆಸರಿನಲ್ಲಿ ಪತ್ರವಿರಲಿಲ್ಲ. ಹೀಗಾಗಿ ನೆಲದ ಒಡೆಯರೇ ಆಸ್ತಿಯಿಲ್ಲದವರೆನಿಸಿ ಮತಪಟ್ಟಿಯಿಂದ ಹೊರಗುಳಿದರು.

ಭೂಮಿಗಾಗಿ ಯುದ್ಧಗಳು ನಡೆದ ಮೇಲೆ, 1867ರಲ್ಲಿ ಡೊನಾಲ್ಡ್ ಮೆಕ್ಲೀನ್ ಎಂಬ ಸದಸ್ಯರು ತಂದ ಮಸೂದೆ ಶಾಸನವಾಯಿತು. ವಯಸ್ಸಿಗೆ ಬಂದ ಮಾವೋರಿ ಗಂಡಸರೆಲ್ಲರಿಗೂ ಮತ, ಅವರಿಗೆ ನಾಲ್ಕು ಸ್ಥಾನ. ಜನಸಂಖ್ಯೆಯ ಲೆಕ್ಕ ಹಿಡಿದಿದ್ದರೆ ಹದಿನಾಲ್ಕಾದರೂ ಸಿಗಬೇಕಿತ್ತು. ಇದು ಐದು ವರ್ಷದ ತಾತ್ಕಾಲಿಕ ಏರ್ಪಾಟೆಂದೇ ಎಲ್ಲರೂ ಭಾವಿಸಿದ್ದರು. 1872ರಲ್ಲಿ ಗಡುವು ಮುಂದೆ ಹೋಯಿತು. 1876ರಲ್ಲಿ ಗಡುವನ್ನೇ ತೆಗೆದುಹಾಕಿದರು. ಆದರೂ ಸಮಾನತೆ ಬರಲಿಲ್ಲ. ಬಿಳಿಯರಿಗೆ 1870ರಲ್ಲೇ ದೊರೆತ ಗುಪ್ತ ಮತದಾನ ಮಾವೋರಿ ಕ್ಷೇತ್ರಗಳಿಗೆ ಬಂದದ್ದು 1937ರ ಶಾಸನದಿಂದ.

ಪಕ್ಷಗಳ ಲೆಕ್ಕಾಚಾರ ಬಲವಾದದ್ದು ಆ ಕಾಲದಲ್ಲಿಯೇ. 1936ರಲ್ಲಿ ರಾಟಾನ ಎಂಬ ಮಾವೋರಿ ಧರ್ಮಗುರು ಲೇಬರ್ ಪಕ್ಷದ ಪ್ರಧಾನಿ ಸ್ಯಾವೇಜ್ ಅವರನ್ನು ಕಂಡರು. ಅವರು ಕೊಟ್ಟ ಕಾಣಿಕೆಗಳಲ್ಲಿ ಒಂದು ಆಲೂಗೆಡ್ಡೆ, ಒಂದು ಒಡೆದ ಗಡಿಯಾರ, ಹೂಯಾ ಹಕ್ಕಿಯ ಗರಿಗಳು ಇದ್ದವು. ಬೆಳೆಯಲು ನೆಲವಿಲ್ಲ, ಕೊಟ್ಟ ಮಾತು ಮುರಿದಿದೆ, ನಮ್ಮನ್ನು ಕಾಪಾಡಿದರೆ ಈ ಗರಿಯನ್ನು ಧರಿಸುವ ಅರ್ಹತೆ ನಿಮಗಿದೆ ಎಂಬುದು ಅವುಗಳ ಇಂಗಿತ. ಈ ಮೈತ್ರಿಯ ಫಲವಾಗಿ 1943ರಲ್ಲಿ ನಾಲ್ಕು ಸ್ಥಾನಗಳೂ ಲೇಬರ್ ಪಾಲಾದವು. ಹಿರಿಯ ನಾಯಕರಾದ ಅಪಿರಾನ ನಾಟಾ ಅವರೂ ಸೋತರು. 1946ರಲ್ಲಿ ಲೇಬರ್ 42, ನ್ಯಾಷನಲ್ 38 ಸ್ಥಾನ ಪಡೆದಾಗ ಸರ್ಕಾರ ನಿಂತದ್ದು ಈ ನಾಲ್ಕರ ಮೇಲೆಯೇ.

ಅಂದಿನಿಂದ ನ್ಯಾಷನಲ್ ಪಕ್ಷಕ್ಕೆ ಒಂದು ಮಾವೋರಿ ಕ್ಷೇತ್ರವೂ ದಕ್ಕಿಲ್ಲ. ಎಲ್ಲರಿಗೂ ಒಂದೇ ಪಟ್ಟಿ ಸಾಕೆಂದು ಆ ಪಕ್ಷ ಹಲವು ಬಾರಿ ವಾದಿಸಿದ್ದು ತತ್ತ್ವದಿಂದಲೋ, ಈ ಲೆಕ್ಕದಿಂದಲೋ ಎಂಬುದನ್ನು ನೀವೇ ಊಹಿಸಬಹುದು. 1975ರಲ್ಲಿ ಲೇಬರ್ ಸರ್ಕಾರ ಯಾವ ಪಟ್ಟಿಗೆ ಸೇರಬೇಕೆಂಬ ಆಯ್ಕೆಯನ್ನು ಮಾವೋರಿಗಳಿಗೇ ಬಿಟ್ಟಿತು.

1986ರಲ್ಲಿ ರಾಯಲ್ ಕಮಿಷನ್, ಪ್ರಮಾಣಾನುಗುಣ ಚುನಾವಣೆ ಬಂದರೆ ಈ ಸ್ಥಾನಗಳು ಬೇಡವೆಂದಿತು. ಮಾವೋರಿಗಳು ಒಪ್ಪಲಿಲ್ಲ. 1993ರ ಶಾಸನವು ಸ್ಥಾನಗಳನ್ನು ಉಳಿಸಿ, ಅವುಗಳ ಸಂಖ್ಯೆಯನ್ನು ಮಾವೋರಿ ಪಟ್ಟಿಗೆ ಸೇರಿದವರ ಲೆಕ್ಕಕ್ಕೆ ಹೊಂದಿಸಿತು. ನಾಲ್ಕು 1996ರಲ್ಲಿ ಐದಾಯಿತು, 2002ರಲ್ಲಿ ಏಳಾಯಿತು.

ಪಕ್ಷಗಳ ನಿಲುವೂ ಸ್ಥಿರವಾಗಿ ನಿಂತಿಲ್ಲ. 1996ರಲ್ಲಿ ಐದಕ್ಕೆ ಐದನ್ನೂ ಗೆದ್ದ ನ್ಯೂಜಿಲೆಂಡ್ ಫಸ್ಟ್ ಪಕ್ಷ, 2017ರಲ್ಲಿ ಇವುಗಳ ಅಳಿವು ಉಳಿವಿಗೆ ಜನಮತಗಣನೆ ಆಗಲೆಂದಿತು. ರದ್ದು ಮಾಡುವುದಾಗಿ ಹೇಳುತ್ತಿದ್ದ ನ್ಯಾಷನಲ್, 2008ರಲ್ಲಿ ಮಾವೋರಿ ಪಕ್ಷದ ಬೆಂಬಲ ಪಡೆಯುವಾಗ, ಮಾವೋರಿಗಳ ಒಪ್ಪಿಗೆಯಿಲ್ಲದೆ ತೆಗೆಯುವುದಿಲ್ಲವೆಂದು ಮಾತು ಕೊಟ್ಟಿತು. ಜನಾಂಗದ ಹೆಸರಿನ ಸ್ಥಾನವೇ ಸಲ್ಲದೆಂಬುದು ಆಕ್ಟ್ ಪಕ್ಷದ ವಾದ. ಇವನ್ನು ಇನ್ನಷ್ಟು ಭದ್ರಪಡಿಸಬೇಕೆಂಬುದು ಗ್ರೀನ್ ಪಕ್ಷದ ವಾದ. 2023ರಲ್ಲಿ ಏಳರಲ್ಲಿ ಆರು ಮಾವೋರಿ ಪಕ್ಷಕ್ಕೆ ಸಂದವು.

ನಮ್ಮ ಪದ್ಧತಿಗೂ ಇದಕ್ಕೂ ಇರುವ ಭೇದವನ್ನು ಗಮನಿಸಿ. ನಮ್ಮ ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಬೇಕು. ಮತ ಹಾಕುವವರು ಎಲ್ಲರೂ. ಅಲ್ಲಿ ಮತದಾರರ ಪಟ್ಟಿಯೇ ಬೇರೆ. ಅಭ್ಯರ್ಥಿ ಯಾರಾದರೂ ಆಗಬಹುದು. ಹೋಲಿಕೆಯೂ ಒಂದುಂಟು: ನಮ್ಮ ಸಂವಿಧಾನ ಮೊದಲು ಹಾಕಿದ ಹತ್ತು ವರ್ಷದ ಗಡುವೂ ಬೆಳೆಯುತ್ತ 2030ಕ್ಕೆ ಬಂದು ನಿಂತಿದೆ.

ನ್ಯೂಜಿಲೆಂಡಿನಲ್ಲಿ ಸಾಮಾನ್ಯ ಕ್ಷೇತ್ರಗಳ ಮೂಲ ನಿಯಮಗಳನ್ನು ತಿದ್ದಬೇಕಾದರೆ ನೂರಕ್ಕೆ 75 ಸದಸ್ಯರ ಒಪ್ಪಿಗೆಯೋ ಜನಮತಗಣನೆಯೋ ಬೇಕು. ಮಾವೋರಿ ಸ್ಥಾನಗಳಿಗೆ ಆ ಕಾವಲಿಲ್ಲ. ಬರಿಯ ಬಹುಮತವಿದ್ದರೆ ಸಾಕು. 2018ರಲ್ಲಿ ಆ ಕಾವಲನ್ನು ಒದಗಿಸಲು ಬಂದ ಮಸೂದೆ ಶಾಸನವಾಗಲಿಲ್ಲ. ಆದ್ದರಿಂದ ವಿವಾದವೆಲ್ಲ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತದೆ: ಅಲ್ಪಸಂಖ್ಯಾತರಿಗೆ ಕೊಟ್ಟ ಸ್ಥಾನ ಇನ್ನು ಬೇಡವೆಂದು ಹೇಳುವ ಅಧಿಕಾರ ಬಹುಸಂಖ್ಯಾತರದೋ, ಆ ಸ್ಥಾನವನ್ನು ಪಡೆದವರದೋ? ಮಾವೋರಿಗಳು ಒಂದು ಪಟ್ಟಿಯನ್ನೋ ಇನ್ನೊಂದನ್ನೋ ಆರಿಸಿಕೊಳ್ಳುವ ಮೂಲಕ ತಮ್ಮ ಉತ್ತರವನ್ನು ಹೇಳುತ್ತಲೇ ಇದ್ದಾರೆ. ಆ ಪಟ್ಟಿ ಬೆಳೆದಿದೆ.